ಲಕ್ಷ್ಮಣ ಕಂಡ ಸ್ಕುವಾ

ರಾಮದುರ್ಗದ ಖಾನಾವಳಿಯಲ್ಲಿ ಒಲೆ ಮುಂದೆ ಬೆವರಿ ಬೆಳೆದ ನನ್ನ ಗೆಳೆಯ ಲಕ್ಷ್ಮಣ, ಅಂಟಾರ್ಕ್ಟಿಕಾದಲ್ಲಿ ನಮ್ಮ ವಿಜ್ಞಾನಿಗಳಿಗೆ ಅಡುಗೆ ಮಾಡಲು ಹೊರಟಾಗ ನಾವೆಲ್ಲ ಬಿದ್ದು ಬಿದ್ದು ನಕ್ಕಿದ್ದೆವು. ಮಾಗಿಯಲ್ಲಿ ಹೊತ್ತೇರಿದರೂ ಕಂಬಳಿ ಬಿಡದ ಆಸಾಮಿ ಅವನು. ಹೋದ ಕೆಲವೇ ದಿನಗಳಲ್ಲಿ ನನಗೊಂದು ಫೋಟೊ ಬಂತು: ಅಡುಗೆಮನೆಯ ಹಿಂದಿನ ಬಂಡೆಯ ಮೇಲೆ ಕಂದು ಹಕ್ಕಿ. "ನಮ್ಮೂರ ಹದ್ದು ಇಲ್ಲೂ ಐತಿ ನೋಡೋ!"

ಹದ್ದಲ್ಲವಂತೆ. ಅಲ್ಲಿನ ಡಾಕ್ಟರ್ ಮೇಡಂ ದುರ್ಬೀನು ಕೊಟ್ಟು ಕಾಲು ನೋಡಲು ಹೇಳಿದರಂತೆ. ಕೊಕ್ಕು ಹದ್ದಿನಂತೆ ಬಾಗಿದೆ, ಕಾಲು ನೋಡಿದರೆ ಬಾತುಕೋಳಿಯದು! ಹಾರಿದಾಗ ರೆಕ್ಕೆಯಲ್ಲಿ ಬಿಳಿ ಪಟ್ಟೆ. ಹೆಸರು ಸ್ಕುವಾ. ಸತ್ತ ಸೀಲ್ ಪ್ರಾಣಿ, ಪೆಂಗ್ವಿನ್ ಮೊಟ್ಟೆ, ಏನು ಸಿಕ್ಕರೂ ಬಿಡದು. ಅದಕ್ಕೆ ಒಂದು ಅಗುಳೂ ಹಾಕುವಂತಿಲ್ಲ ಎಂಬುದು ಅಲ್ಲಿನ ನಿಯಮ. ಅಂದಿನಿಂದ ಲಕ್ಷ್ಮಣ ದಿನಾ ಹಕ್ಕಿಪಾಠ ಹೇಳಿ ನನ್ನ ತಲೆ ತಿಂದ.

ಜನವರಿಯಲ್ಲಿ ಅವನ ತಾಯಿ ಶಟ್ಟೆವ್ವ ತೀರಿಕೊಂಡಳು. ಅಲ್ಲಿಂದ ಹಡಗು ಹೊರಡಲು ಇನ್ನೂ ತಡವಿತ್ತು. ಮೂರನೆಯ ದಿನ ಮಲಪ್ರಭೆಯ ದಂಡೆಯಲ್ಲಿ ಎಡೆ ಇಟ್ಟು ಕಾದೆವು. ಕಾಗೆಗಳು ಜಾಲಿಯ ಮೇಲೆ ಕೂತವೇ ಹೊರತು ಕೆಳಗಿಳಿಯಲಿಲ್ಲ.

"ಅಕ್ಕನ ಜೀವ ಮಗನ ಮ್ಯಾಲ ಐತಿ," ಎಂದು ಲಕ್ಷ್ಮಣನ ಸೋದರಮಾವ ರಾಮಲಿಂಗಪ್ಪ ಕಣ್ಣೊರೆಸಿಕೊಂಡರು. ಕಾಗೆ ಮುಟ್ಟದೆ ಅವರು ಏಳುವವರಲ್ಲ. ನನಗೆ ಇದರಲ್ಲೆಲ್ಲ ನಂಬಿಕೆ ಇಲ್ಲ. ಆದರೂ ಲಕ್ಷ್ಮಣನಿಗೆ ವಿಡಿಯೊ ಕಾಲ್ ಹಚ್ಚಿದೆ.

ಅವನು ಸಂಶೋಧನಾ ಕೇಂದ್ರದ ಬಾಗಿಲ ಹೊರಗೆ ನಿಂತಿದ್ದ, ಸುತ್ತ ಹಿಮ. ಕಾಗೆ ಎಡೆ ಮುಟ್ಟದ ಸುದ್ದಿ ಕೇಳಿ ಮುಖ ಇನ್ನಷ್ಟು ಬಾಡಿತು. ಜೇಬಿನಿಂದ ಒಂದು ಶೇಂಗಾ ಹೋಳಿಗೆ ತೆಗೆದ.

"ಅವ್ವ ಮಾಡಿ ಕೊಟ್ಟಿದ್ದು, ಇದೊಂದೇ ಉಳದೈತಿ. ಕಾಗಿ ಒಲ್ಲೆ ಅಂದ್ರ ಆಕಿ ಪಾಲು ನಾನೇ ತಿಂತೇನಿ ಮಾಮಾ."

ಬಾಯಿಗೆ ಒಯ್ಯುವಷ್ಟರಲ್ಲಿ ಹಿಂದಿನಿಂದ ಕಂದು ರೆಕ್ಕೆ ಬೀಸಿತು. ಹೋಳಿಗೆ ಮಾಯ!

ದಂಡೆಯಲ್ಲಿ ಎಲ್ಲರೂ ನನ್ನ ಫೋನಿನ ಮೇಲೆ ಮುಗಿಬಿದ್ದರು. "ಕಾಗಿ ಏನೋ ಅದು?" ರಾಮಲಿಂಗಪ್ಪ ಕೂಗಿದರು.

ಹೂಂ ಅಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ತಾಯಿಯ ವಿಷಯದಲ್ಲಿ ಸುಳ್ಳಾಡಲು ಅವನಿಗೆ ಬಾಯಿ ಬರಲಿಲ್ಲ. "ಅಲ್ಲ ಮಾಮಾ. ರೆಕ್ಕ್ಯಾಗಿನ ಬಿಳಿ ಪಟ್ಟಿ ಕಂಡೆ. ಸ್ಕುವಾ ಅದು."

"ಸತ್ತದ್ದನ್ನ ತಿಂತೈತೇನು?"

"ತಿಂತೈತಿ."

ರಾಮಲಿಂಗಪ್ಪ ಜಾಲಿಯ ಕಡೆಗೊಮ್ಮೆ ನೋಡಿದರು. ಆಮೇಲೆ ಮೊಣಕಾಲಿಗೆ ಕೈ ಊರಿ ಎದ್ದರು.

"ಅಕ್ಕ ಅಲ್ಲೇ ನಿನ್ನ ಕೈಯಾಗ ಉಂಡಾಳ, ತಮ್ಮಾ. ಇಲ್ಲಿ ಮತ್ತ ಹೆಂಗ ಉಣ್ತಾಳ? ನಡೀರಿ ಎಲ್ಲಾರೂ, ಹಸದೀರಿ."