ನೆಟ್ ಸರಿಯಾದ ದಿನ

ಆ ಬರಗಾಲದ ಬೇಸಿಗೆಯಲ್ಲಿ ಭಾಲ್ಕಿ ಬಸ್‌ಸ್ಟ್ಯಾಂಡಿನ ಎದುರು ನನ್ನದೊಂದು ಇಂಟರ್‌ನೆಟ್ ಅಂಗಡಿ ಇತ್ತು. ಮೂರು ಕಂಪ್ಯೂಟರ್, ಒಂದು ಝೆರಾಕ್ಸ್ ಮಿಶೀನು. ನಾನು ಔರಾದ್ ಕಡೆಯವನು, ಅಲ್ಲಿ ನಡೆಯದ ಅಂಗಡಿಯನ್ನು ಇಲ್ಲಿಗೆ ತಂದಿದ್ದೆ. ಹೈದರಾಬಾದಿಗೂ ಪುಣೆಗೂ ಹೋಗುವ ಬಸ್ಸುಗಳ ಮೇಲೆ ಹಾಸಿಗೆ ಸುರುಳಿ, ಹಿಟ್ಟಿನ ಡಬ್ಬಿ, ಖಾಲಿ ಕೊಡ ಏರುವುದನ್ನು ಕೂತಲ್ಲಿಂದಲೇ ನೋಡುತ್ತಿದ್ದೆ. ಹಾಗೆ ಹೋದವರ ಮುಖ ನೋಡಬೇಕೆಂದು ಊರಲ್ಲೇ ಉಳಿದವರು ಕೇಳತೊಡಗಿದಾಗ ವಿಡಿಯೋ ಕಾಲ್ ಮಾಡಿಸುವ ಕೆಲಸವನ್ನೂ ಶುರುಮಾಡಿದೆ.

ಆಗ ಕಂಪ್ಯೂಟರಿನ ಪರದೆಯ ಮೇಲೆ ದಿನಾ ಒಂದು ಸೂಚನೆ ಬರುತ್ತಿತ್ತು. ಹೊಸ ಆಪರೇಟಿಂಗ್ ಸಿಸ್ಟಮ್ ಪುಕ್ಕಟೆ ಸಿಗುತ್ತದೆ, ಹಾಕಿಕೊಳ್ಳಿ ಅಂತ. ಒಂದು ರವಿವಾರ ಅಂಗಡಿಯ ಬಾಗಿಲು ಎಳೆದುಕೊಂಡು ಮೂರಕ್ಕೂ ಹಾಕಿದೆ. ಪರದೆ ಚೆಂದ ಕಂಡಿತು. ಸೋಮವಾರದಿಂದ ನೆಟ್ ತೆವಳತೊಡಗಿತು. ಒಂದು ಪಹಣಿ ತೆರೆಯುವಷ್ಟರಲ್ಲಿ ಗಿರಾಕಿ ಹೋಗಿ ಚಹಾ ಕುಡಿದು ಬರುತ್ತಿದ್ದ. ನಾನು ಲೈನ್‌ಮನ್‌ನನ್ನು ಕರೆದು ಬೈದೆ. ಅವನು ಕಂಬ ಹತ್ತಿ ಇಳಿದು, "ಲೈನ್ ಛಲೋ ಅದ್ರಿ. ನಿಮ್ಮ ಮಿಶೀನಿನ್ಯಾಗೇ ಏನೋ ಆಗ್ಯಾದ, ನೋಡ್ಕೋರಿ" ಅಂದ. ನಂಬಲಿಲ್ಲ. ಸಿಸ್ಟಮ್ ಹಾಕಿದವನು ನಾನೇ ಆಗಿದ್ದೆ, ತಪ್ಪು ನನ್ನ ಕಡೆ ಇದ್ದೀತೆಂದು ಒಪ್ಪಲು ಮನಸ್ಸಿರಲಿಲ್ಲ.

ಗುರುವಾರ ಬೆಳಿಗ್ಗೆ ಸಾಯಗಾಂವದ ಬಸ್ಸಿಳಿದು ಒಬ್ಬ ಹೆಣ್ಣುಮಗಳು ತಾಯಿಯ ಕೈ ಹಿಡಿದುಕೊಂಡು ಬಂದಳು. ದಿನ ತುಂಬಿದ ಬಸುರಿ. ಗಂಡ ಪುಣೆಯಲ್ಲಿ ಕಟ್ಟಡದ ಕೆಲಸ ಮಾಡುವಾಗ ಮೇಲಿನಿಂದ ಬಿದ್ದು ದವಾಖಾನೆ ಸೇರಿದ್ದ. ಅಷ್ಟು ದೂರ ಬಸ್ಸಿನಲ್ಲಿ ಕೂಡುವ ಸ್ಥಿತಿ ಅವಳದಲ್ಲ. ಮೈದುನ ಅಲ್ಲೇ ಇದ್ದ, ಅವನ ಬಳಿ ವಿಡಿಯೋ ಬರುವ ಫೋನಿತ್ತು.

"ಫೋನಿನ್ಯಾಗ ಮಾತಾಡೀನ್ರಿ ಅಣ್ಣ," ಅಂದಳು. "ಎಲ್ಲರೂ ಛಲೋ ಅದಾರ, ಛಲೋ ಅದಾರ ಅಂತಾರ. ನನಗ ಅವರ ಮಾರಿ ನೋಡಬೇಕಾಗ್ಯಾದ."

ಕಾಲ್ ಹತ್ತಿತು. ತಲೆಗೆ ಪಟ್ಟಿ ಸುತ್ತಿದ ಮುಖ ಕಂಡಿತು. ಅವನು ಏನೋ ಹೇಳಲು ಬಾಯಿ ತೆರೆದ. ಅಷ್ಟಕ್ಕೇ ಚಿತ್ರ ನಿಂತುಬಿಟ್ಟಿತು. ಅರ್ಧ ಮುಚ್ಚಿದ ಕಣ್ಣು, ತೆರೆದ ಬಾಯಿ. ಸಪ್ಪಳವಿಲ್ಲ.

"ಏನ್ರೀ... ಯಾಕ ಸುಮ್ಮನಾದ್ರಿ? ಏನ್ರೀ!" ಅಂತ ಕೂಗಿದವಳು ಪರದೆಯನ್ನೇ ಹಿಡಿದು ಅಲುಗಿಸಿದಳು. ಅವಳ ಅವ್ವ ಎದೆ ಬಡಿದುಕೊಂಡಳು. ಹೋಗಿಯೇ ಬಿಟ್ಟ ಎಂದು ಇಬ್ಬರೂ ತಿಳಿದಿದ್ದರು. ನಾನು ಗಡಬಡಿಸಿ ಮೈದುನನ ನಂಬರಿಗೆ ಫೋನ್ ಮಾಡಿ ಅವಳ ಕಿವಿಗೆ ಹಿಡಿದೆ. ಗಂಡನ ದನಿ ಕೇಳಿದ ಮೇಲೆ ಅವಳು ಉಸಿರು ಬಿಟ್ಟಳು. ಆದರೆ ಕಣ್ಣು ಪರದೆ ಬಿಡಲಿಲ್ಲ.

"ಲೈನ್ ಖರಾಬ್ ಅದ ತಂಗಿ. ನಾಳೆ ಬಾ, ಪಕ್ಕಾ ತೋರಸ್ತೇನಿ," ಅಂದೆ.

ಸ್ಟೇಷನ್ ರಸ್ತೆಯಲ್ಲಿ ಇನ್ನೊಂದು ಇಂಟರ್‌ನೆಟ್ ಅಂಗಡಿಯಿತ್ತು. ನಡೆದು ಹೋದರೆ ಹತ್ತು ನಿಮಿಷ. ಅಲ್ಲಿಗೆ ಹೋಗು ಎಂದು ನಾನು ಹೇಳಲಿಲ್ಲ. ಗಿರಾಕಿ ಅತ್ತ ಹೋದರೆ ಮತ್ತೆ ಇತ್ತ ಬರುವುದಿಲ್ಲ ಎಂಬ ಲೆಕ್ಕ ಆ ಹೊತ್ತಿನಲ್ಲೂ ತಲೆಯಲ್ಲಿತ್ತು.

ಮರುದಿನ ಬೀದರಿನಿಂದ ಕಂಪ್ಯೂಟರ್ ರಿಪೇರಿ ಮಾಡುವ ಗೆಳೆಯನನ್ನು ಕರೆಸಿದೆ. ಅವನು ಕೂತು ಪರದೆಯ ಮೇಲೆ ಎರಡು ಕಿಟಕಿ ತೆರೆದು ನೋಡಿ ನಕ್ಕ. "ಅರೇ ಭಾಯ್, ಹೊಸ ಸಿಸ್ಟಮ್ ಹಿಂದಿನಿಂದ ತಾನೇ ಅಪ್‌ಡೇಟ್ ಇಳಿಸ್ಕೋತಾ ಕೂತದ. ಮೂರೂ ಮಿಶೀನ್ ಸೇರಿ ನಿಮ್ಮ ನೆಟ್ ಪೂರಾ ತಿನ್ನಲಿಕ್ಕತ್ತಾವ. ಲೈನಿಂದೇನು ತಪ್ಪು?" ತಾನಾಗಿ ಇಳಿಯುವುದನ್ನು ಮೂರರಲ್ಲೂ ನಿಲ್ಲಿಸಿದ. ನೆಟ್‌ವರ್ಕಿನ ಹಳೆಯ ಡ್ರೈವರ್ ಸಾಫ್ಟ್‌ವೇರ್ ತೆಗೆದು ಹೊಸ ಸಿಸ್ಟಮಿಗೆ ಹೊಂದುವುದನ್ನು ಹಾಕಿದ. ಅರ್ಧ ತಾಸಿನ ಕೆಲಸ. ಪಹಣಿ ಥಟ್ಟನೆ ತೆರೆಯಿತು. ಸೋಮವಾರವೇ ಅವನಿಗೆ ಫೋನ್ ಮಾಡಬಹುದಿತ್ತು.

ನಾಲ್ಕು ಗಂಟೆಯ ಹೊತ್ತಿಗೆ ತಾಯಿ ಮಗಳು ಬಂದರು. ಅವಳು ತಲೆ ಬಾಚಿ, ಒಗೆದ ಸೀರೆ ಉಟ್ಟುಕೊಂಡಿದ್ದಳು. ಕಾಲ್ ಹಚ್ಚಿದೆ. ಬಹಳ ಹೊತ್ತು ಯಾರೂ ಎತ್ತಲಿಲ್ಲ. ಎರಡನೇ ಸಲ ಮೈದುನ ಎತ್ತಿದ. ಚಿತ್ರ ಒಂಚೂರೂ ನಿಲ್ಲಲಿಲ್ಲ. ದವಾಖಾನೆಯ ಹೊರಗಿನ ಮೆಟ್ಟಿಲು, ಅವನ ಊದಿದ ಕಣ್ಣು, ಒರೆಸಿಕೊಳ್ಳದ ಮೂಗು, ಎಲ್ಲಾ ಎದುರಿಗೆ ಕೂತಷ್ಟು ನಿಚ್ಚಳ. ಅವನು ಅತ್ತಿಗೆಯನ್ನು ನೋಡಿ ಫೋನನ್ನು ಕೆಳಗಿಳಿಸಿದ. ಆಮೇಲೆ ನಮಗೆ ಅವನ ಚಪ್ಪಲಿ ಕಾಣುತ್ತಿತ್ತು, ಅಳು ಕೇಳುತ್ತಿತ್ತು.

ಅವಳು ಅಳಲಿಲ್ಲ. ನನ್ನ ಕಡೆ ತಿರುಗಿ, "ಅಣ್ಣ, ನಿನ್ನೆ ನಿಂತಿತ್ತಲ್ಲ, ಆ ಫೋಟೋ ಮಿಶೀನಿನ್ಯಾಗ ಅದ ಏನ್ರಿ?" ಅಂದಳು.

"ಇಲ್ಲವ್ವ. ಅದು ಉಳೀದಿಲ್ಲ."

ಅವ್ವ ಅವಳನ್ನು ಎಬ್ಬಿಸಿಕೊಂಡು ಹೋದಳು. ಹೆಣ ಊರಿಗೆ ಬಂತೆಂದೂ ಅದೇ ವಾರ ಹೆಣ್ಣು ಕೂಸು ಹುಟ್ಟಿತೆಂದೂ ಆ ದಾರಿಯ ಕಂಡಕ್ಟರನಿಂದ ತಿಳಿಯಿತು. ಮಣ್ಣಿಗೆ ನಾನು ಹೋಗಲಿಲ್ಲ. ವಿಡಿಯೋ ಕಾಲ್ ಮಾಡಿಸುವುದನ್ನು ಬಿಟ್ಟೆ.

ಮುಂದಿನ ವರ್ಷ ಅವಳು ವಿಧವಾ ವೇತನದ ಅರ್ಜಿ ತುಂಬಿಸಲು ಕೂಸನ್ನು ಕಂಕುಳಲ್ಲಿ ಎತ್ತಿಕೊಂಡು ಬಂದಳು. ಕೆಟ್ಟಿದ್ದು ಲೈನಲ್ಲ, ನಾನು ಕೈ ಹಾಕಿದ ಮಿಶೀನು ಎಂದು ಹೇಳಬೇಕೆಂದು ಎರಡು ಸಲ ಬಾಯಿ ತೆರೆದೆ. ಗಂಡನ ಹೆಸರಿನ ಜಾಗದಲ್ಲಿ ಅವಳು ಹೇಳಿದ್ದನ್ನು ಟೈಪ್ ಮಾಡಿ, "ಅಕ್ಷರ ಸರಿ ಅವ ಏನು ನೋಡವ್ವ" ಅಂದೆ. ತನಗೆ ಓದಲು ಬರುವುದಿಲ್ಲ ಅಂದಳು. ನಾನೇ ಗಟ್ಟಿಯಾಗಿ ಓದಿ ಹೇಳಿದೆ.