ಮಡ್ಡಿಯ ಮೇಲಿನ ಒಂದೇ ಮನೆ

ಮಾವನವರು ತೀರಿಕೊಂಡ ಮೇಲೆ ಅಣ್ಣತಮ್ಮಂದಿರಲ್ಲಿ ಪಾಲಾಯಿತು. ಸೋಲಾಪುರದ ಪೇಟೆಯಲ್ಲಿದ್ದ ಬಟ್ಟೆಯಂಗಡಿ, ಅದರ ಹಿಂದಿನ ಮನೆ ಎರಡೂ ನನ್ನ ಭಾವನವರಿಗೆ ಹೋದವು. ನನ್ನ ಗಂಡನ ಪಾಲಿಗೆ ಬಂದದ್ದು ಅಕ್ಕಲಕೋಟೆಯ ಆಚೆಗಿನ ಒಂದು ಮಡ್ಡಿ. ಅಲ್ಲಿದ್ದದ್ದು ಕಲ್ಲು, ಒಣಹುಲ್ಲು ಮತ್ತು ಗಾಳಿ. ಹಿಂದೆ ಯಾರೂ ಅಲ್ಲಿ ನೇಗಿಲು ಹೂಡಿರಲಿಲ್ಲ. ಡಾಂಬರು ರಸ್ತೆ ಸೇರಬೇಕಾದರೆ ಅರ್ಧ ದಿನ ನಡೆಯಬೇಕು.

ಹೊಳೆಗೆ ಅಡ್ಡಲಾಗಿ ಧರಣ ಕಟ್ಟುತ್ತಿದ್ದಾರೆ, ಕಾಲುವೆ ಬಂದರೆ ಈ ಮಡ್ಡಿ ಬಂಗಾರವಾಗುತ್ತದೆ ಎಂದು ನನ್ನ ಗಂಡನಿಗೆ ಯಾರೋ ಹೇಳಿದ್ದರು. ಕಾಲುವೆ ಕಡೆಗೂ ಹಳ್ಳದ ಆ ದಂಡೆಗೇ ಹೋಯಿತು, ಅದು ಬೇರೆ ಮಾತು. ಆಗ ಅವರಿಗೆ ಮೂವತ್ತು ಇನ್ನೂ ತುಂಬಿರಲಿಲ್ಲ. ಅಂಗಡಿಯಲ್ಲಿ ಗಜಕಡ್ಡಿ ಹಿಡಿದು ಬಟ್ಟೆ ಅಳೆದ ಕೈಯಲ್ಲಿ ನೇಗಿಲ ಮೇಳಿ ಹಿಡಿಯುತ್ತೇನೆ ಎಂದು ಹೊರಟರು. ನಾನೂ ಹುಟ್ಟಿ ಬೆಳೆದದ್ದು ಪೇಟೆಯಲ್ಲೇ. ನೀರು ನಲ್ಲಿಯಿಂದ ಬರುತ್ತದೆ, ಜೋಳ ಚೀಲದಿಂದ ಬರುತ್ತದೆ, ಅಷ್ಟೇ ನನಗೆ ಗೊತ್ತಿದ್ದದ್ದು. ಆರು ವರ್ಷದ ಮಗಳನ್ನು ಕರೆದುಕೊಂಡು ಅವರ ಹಿಂದೆ ಹೋದೆ. ಎಪ್ಪತ್ತೆರಡರ ದೊಡ್ಡ ಬರ ಇನ್ನೂ ಬಂದಿರಲಿಲ್ಲ. ಅದರ ಹಿಂದಿನ ವರ್ಷದ ಮಾತಿದು.

ಕಲ್ಲು ಮಣ್ಣಿನ ಗೋಡೆ ಎಬ್ಬಿಸಿ, ಮೇಲೆ ತಗಡಿನ ಪತ್ರಾ ಹೊದಿಸಿ ಒಂದು ಕೋಣೆ ಮಾಡಿಕೊಂಡೆವು. ಎರಡು ಎತ್ತು, ಒಂದು ಆಕಳು, ಅದರ ಕರು ಇದ್ದವು. ಚಕ್ಕಡಿ ಇರಲಿಲ್ಲ. ಮೊದಲ ಮಳೆಗಾಲಕ್ಕೆ ಒಂದು ಪಟ್ಟಿಯಲ್ಲಿ ಸಜ್ಜೆ ಬಂತು. ಅದು ನಮ್ಮ ಹೊಟ್ಟೆಗೆ ಆಗುವಷ್ಟಿತ್ತು. ಬೇಸಿಗೆ ಹತ್ತಿದ ಕೂಡಲೆ ಬಾವಿ ತೋಡಿಸಲು ವಡ್ಡರನ್ನು ಕರೆಸಿದರು. ಎರಡಾಳು ಆಳಕ್ಕೆ ಕರಿಕಲ್ಲು ಸಿಕ್ಕಿತು. ಮದ್ದು ತುಂಬಿ ಸುರುಂಗ ಇಟ್ಟು ಒಡೆಯಬೇಕಾಯಿತು. ಒಂದು ದಿನ ಒಂದು ಸುರುಂಗ ಹಾರಲಿಲ್ಲ. ಸ್ವಲ್ಪ ಹೊತ್ತು ಕಾದು, ಆರಿರಬೇಕು ಎಂದುಕೊಂಡು ನನ್ನ ಗಂಡ ದಂಡೆಯ ಮೇಲಿಂದ ಬಗ್ಗಿ ನೋಡಿದರು. ಅಷ್ಟರಲ್ಲಿ ಹಾರಿತು.

ಸದ್ದು ಕೇಳಿ ನಾನು ಓಡಿದಾಗ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಕೂತಿದ್ದರು. ಬೆರಳ ಸಂದಿಯಿಂದ ರಕ್ತ ಇಳಿಯುತ್ತಿತ್ತು. ವಡ್ಡರ ಹಿರಿಯ ತನ್ನ ಗಾಡಿ ಕಟ್ಟಿದ. ಅಕ್ಕಲಕೋಟೆಗೆ ಒಯ್ದು, ಅಲ್ಲಿಂದ ಎಸ್‌ಟಿ ಬಸ್ಸಿನಲ್ಲಿ ಸೋಲಾಪುರದ ಆಸ್ಪತ್ರೆಗೆ ಮುಟ್ಟಿಸುತ್ತೇನೆ ಎಂದ. ಕಣ್ಣ ಮೇಲೆ ಒದ್ದೆ ಅರಿವೆ ಹಾಕಿಕೊಂಡು ಗಾಡಿಯಲ್ಲಿ ಮಲಗಿದ್ದ ನನ್ನ ಗಂಡ ನನ್ನ ಕೈ ಹುಡುಕಿ ಹಿಡಿದರು.

“ದನಾ ಬಿಟ್ಟ ಬರಬ್ಯಾಡ,” ಎಂದರು. “ನಾ ಎಂಟ ದಿನದಾಗ ಬರ್ತೀನಿ.”

ನಾನು ಆಗ ಬಸುರಿ. ಗಾಡಿ ಕಣ್ಮರೆಯಾಗುವ ತನಕ ಮಗಳೂ ನಾನೂ ನಿಂತು ನೋಡಿದೆವು. ಮಾಲೀಕರೇ ಇಲ್ಲದ ಮೇಲೆ ಕೆಲಸವೇನು ಎಂದು ವಡ್ಡರೂ ಗುಡಿಸಲು ಕಿತ್ತುಕೊಂಡು ಹೋದರು.

ಎಂಟು ದಿನ ಹೋಗಿ ತಿಂಗಳಾಯಿತು. ಒಂದು ಕಣ್ಣು ತೆಗೆದಿದ್ದಾರೆ, ಇನ್ನೊಂದಕ್ಕೂ ಕೀವು ತಗಲಿದೆ, ಡಾಕ್ಟರು ಬಿಡುತ್ತಿಲ್ಲ ಎಂಬ ಸುದ್ದಿ ತಂದವರು ಭಾವನವರು. ಬಾಡಿಗೆ ಜೀಪಿನಲ್ಲಿ ಬಂದಿದ್ದರು. ಹಿಟ್ಟು, ಬೆಲ್ಲ, ಉಪ್ಪು ತಂದಿದ್ದರು. ಅವರು ಕೆಟ್ಟವರಲ್ಲ. ಅತ್ತೆಯವರು ಬಾಣಂತನಕ್ಕೆ ಬಾ ಅಂದಿದ್ದಾರೆ ಎಂದು ಹೇಳಿ ಜೀಪಿನ ಬಾಗಿಲು ತೆಗೆದರು. ನನಗೆ ಹತ್ತಿ ಕೂತುಬಿಡಬೇಕು ಅನಿಸಿತು. ಒಂದು ಕಾಲು ಎತ್ತಿಯೂ ಇಟ್ಟೆ. ಆದರೆ ಗೂಟಕ್ಕೆ ಕಟ್ಟಿದ ದನಗಳು ನಮ್ಮ ಕಡೆಗೇ ನೋಡುತ್ತಿದ್ದವು. ಕಟ್ಟಿ ಹೋದರೆ ನೀರಿಲ್ಲದೆ ಸಾಯುತ್ತವೆ, ಬಿಚ್ಚಿ ಹೋದರೆ ತೋಳದ ಬಾಯಿಗೆ. ಬರುವ ಅಮಾಸಿಗೆ ಗಾಡಿ, ಆಳು ಎರಡೂ ಕಳಿಸುತ್ತೇನೆ, ದನಗಳನ್ನೂ ಹೊಡೆದುಕೊಂಡು ಎಲ್ಲರೂ ಕೂಡಿ ಬನ್ನಿ ಎಂದು ಅವರು ಒಪ್ಪಿಕೊಂಡರು. ಹೆರಿಗೆಗೆ ಇನ್ನೂ ವೇಳೆ ಇತ್ತು. ಮಗಳನ್ನಾದರೂ ಕಳಿಸು ಎಂದರು. ಅವಳು ನನ್ನ ಸೀರೆಯ ನೆರಿಗೆ ಹಿಡಿದುಕೊಂಡಳು, ಬಿಡಲಿಲ್ಲ.

ಜೀಪು ಹೋದ ಮೇಲೆ ನನಗೆ ಮೊದಲ ಸಲ ನಿಜವಾದ ಭಯ ಹತ್ತಿತು. ಯಾವ ದಿಕ್ಕಿಗೆ ನೋಡಿದರೂ ಹಳದಿ ಹುಲ್ಲು, ಅದರ ಮೇಲೆ ಬಿಸಿಲು ಕುದಿಯುತ್ತಿತ್ತು. ಹಗಲಲ್ಲಿ ಪತ್ರಾ ಕಾದು ಕೋಣೆಯೊಳಗೆ ಕೂಡಲಾಗುತ್ತಿರಲಿಲ್ಲ. ಗೋಡೆಯ ನೆರಳು ಸರಿದ ಹಾಗೆ ನಾವೂ ಸರಿಯುತ್ತಿದ್ದೆವು. ಮಾತಾಡಲು ಜನವಿಲ್ಲದೆ ನಾನು ಎತ್ತುಗಳ ಜೊತೆ ಮಾತಾಡತೊಡಗಿದೆ. ಒಂದು ದಿನ ಮಗಳು, “ಅವ್ವಾ, ಅವು ಏನ ಅಂದ್ವು?” ಎಂದು ಕೇಳಿದಳು. ನನಗೆ ತಲೆ ಕೆಡುತ್ತಿದೆಯೇ ಎಂಬ ಅಂಜಿಕೆ ಬಂತು.

ನೀರಿಗೆ ಹಳ್ಳಕ್ಕೆ ಹೋಗಬೇಕಿತ್ತು. ಹಳ್ಳ ಬತ್ತಿತ್ತು. ಉಸುಕಿನಲ್ಲಿ ಮೊಳಕಾಲುದ್ದ ಕುಣಿ ತೋಡಿದರೆ ಒರತೆ ಬರುತ್ತಿತ್ತು. ತೆಂಗಿನ ಕರಟದಿಂದ ಸ್ವಲ್ಪ ಸ್ವಲ್ಪವೇ ಮೊಗೆದು ಕೊಡ ತುಂಬಬೇಕು. ದನಗಳನ್ನು ಹೊಡೆದುಕೊಂಡು, ಮಗಳನ್ನು ಮುಂದಿಟ್ಟುಕೊಂಡು ಬೆಳಿಗ್ಗೆಯೇ ಹೋಗುತ್ತಿದ್ದೆ. ಹೋದಾಗಲೆಲ್ಲ ಕುಣಿಯ ಸುತ್ತ ಹೊಸ ಹೆಜ್ಜೆ ಇರುತ್ತಿದ್ದವು. ಮೊದಲು ನಾಯಿ ಅಂದುಕೊಂಡೆ. ಆ ಮಡ್ಡಿಯಲ್ಲಿ ನಾಯಿ ಎಲ್ಲಿಯದು? ನಾವು ತೋಡಿದ ಒರತೆಯಲ್ಲೇ ತೋಳವೂ ಕುಡಿಯುತ್ತಿತ್ತು.

ಒಂದು ಸಂಜೆ ಕರು ಹಗ್ಗ ಹರಿದುಕೊಂಡು ಮನೆಯ ಹಿಂದಕ್ಕೆ ಹೋಯಿತು. ಒಲೆಯ ಮೇಲಿನ ರೊಟ್ಟಿ ತಿರುವಿ ಹಾಕಿ ನಾನು ಹೊರಗೆ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಎರಡು ತೋಳಗಳು. ನಾನು ಕೊಳ್ಳಿ ಬೀಸಿದೆ, ಕಲ್ಲು ಒಗೆದೆ. ಅವು ಸ್ವಲ್ಪ ದೂರ ಹೋಗಿ ನಿಂತು ನನ್ನನ್ನು ನೋಡಿದವು, ಓಡಲಿಲ್ಲ. ಮಗಳು ಬಾಗಿಲಲ್ಲಿ ನಿಂತು “ಲಾಂಡಗಾ, ಲಾಂಡಗಾ” ಎಂದು ಅಳುತ್ತಿದ್ದಳು. ಪೇಟೆಯ ಮರಾಠಿ ಸಾಲಿಯಲ್ಲಿ ಕಲಿತ ಶಬ್ದ ಅದು. ಕರುವಿಲ್ಲದೆ ಆಕಳು ಒರಲಿ ಒರಲಿ ಹಾಲು ಕೊಡುವುದನ್ನೇ ಬಿಟ್ಟಿತು. ಆಮೇಲೆ ರೊಟ್ಟಿ, ಖಾರ, ಉಪ್ಪು ಇಷ್ಟೇ ನಮ್ಮ ಊಟ.

ಅಮಾಸಿ ಬಂತು, ಹೋಯಿತು. ಗಾಡಿ ಬರಲಿಲ್ಲ. ನಾನು ದಿನವೂ ದಾರಿಯ ಕಡೆಗೆ ಮುಖ ಮಾಡಿಯೇ ಹಿಟ್ಟು ನಾದುತ್ತಿದ್ದೆ.

ಅಂಥ ಒಂದು ಬೆಳಿಗ್ಗೆ ಒರತೆಯಿಂದ ಕೊಡ ಎತ್ತುವಾಗ ಸೊಂಟದಲ್ಲಿ ಛಳುಕು ಎದ್ದಿತು. ಭಾರ ಎತ್ತಿದ್ದಕ್ಕೆ ಹೀಗಾಯಿತು ಅಂದುಕೊಂಡೆ. ಮನೆ ಮುಟ್ಟುವಷ್ಟರಲ್ಲಿ ಅದು ಬಂದು ಹೋಗಿ, ಮತ್ತೆ ಬಂತು. ಹಿಂದೆ ಒಂದು ಹೆರಿಗೆ ಆದವಳಿಗೆ ಅದು ತಿಳಿಯದೆ ಇರುತ್ತದೆಯೇ? ತಿಂಗಳು ತುಂಬಿರಲಿಲ್ಲ. ದನ ಕಟ್ಟಿ, ಗೋಣಿಚೀಲ ಹಾಸಿ, ಗೋಡೆಗೆ ಒರಗಿ ಕೂತೆ. ಮಧ್ಯಾಹ್ನದ ಹೊತ್ತಿಗೆ ನೋವು ಎಡೆಬಿಡದೆ ಬರತೊಡಗಿತು. ಒಬ್ಬಳೇ ಆದರೆ ನಾನು ಸತ್ತೇನು, ನಾನು ಸತ್ತರೆ ಈ ಹುಡುಗಿಯ ಗತಿ ಏನು ಎಂಬುದೊಂದೇ ವಿಚಾರ.

ಆಗ ದೂರದಲ್ಲಿ, ಮಡ್ಡಿಯ ಏರಿನ ಮೇಲೆ ಧೂಳು ಕಂಡಿತು. ಗಾಡಿಯ ಧೂಳಲ್ಲ. ಅಗಲವಾಗಿ ಹರಡಿ ಸಾವಕಾಶ ಸರಿಯುತ್ತಿತ್ತು. ಕುರಿಮಂದೆ. ಕೂಗಿದರೆ ಕೇಳುವ ದೂರವಲ್ಲ. ನಾನು ಮಗಳನ್ನು ಹತ್ತಿರ ಕರೆದೆ.

“ಆ ಧೂಳ ಕಾಣ್ತದಲ್ಲ, ಅಲ್ಲಿಗಿ ಹೋಗು. ಹೆಣ್ಣಮಕ್ಕಳ ಯಾರರೆ ಇದ್ರ, ನಮ್ಮವ್ವಗ ಬ್ಯಾನಿ ಹತ್ಯಾವ, ಬರ್ರಿ ಅಂತ ಹೇಳು.”

ಅವಳು ಧೂಳಿನ ಕಡೆ ನೋಡಿದಳು. “ಲಾಂಡಗಾ ಬಂದ್ರ?”

ಬರುವುದಿಲ್ಲ ಎಂದು ಸುಳ್ಳು ಹೇಳಲು ನನಗೆ ಬಾಯಿ ಬರಲಿಲ್ಲ. “ಓಡಬ್ಯಾಡ,” ಎಂದೆ. “ಓಡಿದ್ರ ಬೆನ್ನ ಹತ್ತತದ. ಕೈಯಾಗ ಕಲ್ಲ ಹಿಡ್ಕೊ. ಸಾವಕಾಶ ನಡಿ. ಹಿಂದ ತಿರಗಿ ನೋಡಬ್ಯಾಡ.”

ಅವಳು ಅಂಗಳದಲ್ಲಿ ಆರಿಸಿ ಆರಿಸಿ ಎರಡು ಕಲ್ಲು ತೆಗೆದುಕೊಂಡಳು. ಕೆಂಪು ಫ್ರಾಕು ಹಾಕಿದ್ದಳು. ಹುಲ್ಲು ಅವಳ ಎದೆಯುದ್ದ ಇತ್ತು. ನೋವು ಬಂದಾಗ ಕಣ್ಣು ಮುಚ್ಚುತ್ತಿದ್ದೆ, ತೆರೆದಾಗ ಆ ಕೆಂಪು ಚಿಕ್ಕದಾಗಿರುತ್ತಿತ್ತು. ಒಮ್ಮೆ ತೆರೆದಾಗ ಇರಲೇ ಇಲ್ಲ.

ದೇವರ ಹೆಸರು ಬಾಯಿಗೆ ಬರಲಿಲ್ಲ. ಹಲ್ಲಲ್ಲಿ ಸೆರಗು ಕಚ್ಚಿಕೊಂಡು ಅವಳನ್ನೇ ನೆನೆಸುತ್ತಿದ್ದೆ. ಬಿಸಿಲು ಬಾಗಿಲೊಳಗೆ ಬಂದ ಹೊತ್ತಿಗೆ ಕೂಸು ಹುಟ್ಟಿತು. ಗಂಡು. ಅಂಗೈಯಲ್ಲಿ ಹಿಡಿಸುವಂಥದ್ದು, ನೀಲಿಗಟ್ಟಿತ್ತು, ಅಳಲಿಲ್ಲ. ಮೂಗು ಬಾಯಿ ಒರೆಸಿದೆ. ಕಾಲು ಹಿಡಿದು ತಲೆಕೆಳಗು ಮಾಡಿ ಬೆನ್ನು ತಿಕ್ಕಿದೆ. ಅಳು, ಅಳು ಎಂದು ಬೈದೆ. ಕಡೆಗೆ ಬೆಕ್ಕಿನ ಮರಿಯಂತೆ ಒಂದು ದನಿ ಮಾಡಿತು. ಹೊಕ್ಕಳ ಹುರಿಗೆ ಸೀರೆಯ ಅಂಚಿನ ದಾರ ಬಿಗಿದು ಕಟ್ಟಿದೆ. ಕೊಯ್ಯಲು ಕುಡುಗೋಲು ಒಲೆಯ ಮಗ್ಗುಲಿಗಿತ್ತು. ಅಲ್ಲಿಗೆ ಹೋಗಲು ಎದ್ದೆ, ಕಣ್ಣು ಕತ್ತಲಾಗಿ ಕುಸಿದೆ.

ಆಮೇಲಿನ ಹೊತ್ತನ್ನು ಹೇಗೆ ಹೇಳಲಿ? ರಕ್ತ ನಿಲ್ಲುತ್ತಿರಲಿಲ್ಲ. ನೀರಿನ ಕೊಡ ಕಾಣುತ್ತಿತ್ತು, ಕೈಗೆ ಎಟುಕುತ್ತಿರಲಿಲ್ಲ. ನಾಲಿಗೆ ಅಂಗುಳಕ್ಕೆ ಅಂಟಿತ್ತು. ಹೊರಗೆ ದನಗಳು ನೀರಿಗೆ ಒದರುತ್ತಿದ್ದವು. ಧೂಳು ಕೂಡ ಈಗ ಕಾಣುತ್ತಿರಲಿಲ್ಲ. ಮಗಳು ಸತ್ತಳು ಎಂದೇ ನನ್ನ ಮನಸ್ಸು ನಿಶ್ಚಯಿಸಿಬಿಟ್ಟಿತು. ಒಂದನ್ನು ಕೊಟ್ಟು ಒಂದನ್ನು ತಗೊಂಡೆ, ಇದೂ ಸಂಜೆಯ ತನಕ ಉಳಿಯುವುದಿಲ್ಲ ಅನ್ನಿಸಿತು. ಅಳಲು ಸಹ ಶಕ್ತಿ ಇರಲಿಲ್ಲ. ಕೂಸನ್ನು ಎದೆಗೆ ಒತ್ತಿಕೊಂಡು ಬಾಗಿಲ ಕಡೆ ನೋಡುತ್ತ ಬಿದ್ದಿದ್ದೆ.

ನಾಯಿಗಳು ಮೊದಲು ಬಂದವು. ಅವುಗಳ ಹಿಂದೆ ಹೆಗಲ ಮೇಲೆ ಕಂಬಳಿ ಹಾಕಿಕೊಂಡ ಒಬ್ಬ ಮುದುಕಿ. ಹುಲಜಂತಿ ಕಡೆಯ ಕುರುಬರಾಕೆ. ಅವಳ ಸೊಂಟದ ಮೇಲೆ ನನ್ನ ಮಗಳು. ಫ್ರಾಕು ಹರಿದಿತ್ತು, ಮೊಳಕಾಲು ಕೆತ್ತಿಹೋಗಿತ್ತು, ಜೀವ ಇತ್ತು.

“ಯವ್ವಾ, ನಿನ್ನ ಮಗಳ ತೋಳದ ಮುಂದ ಹಾದ ಬಂದಾಳ,” ಎಂದಳು ಮುದುಕಿ.

ಜಾಲಿಗಿಡದ ನೆರಳಿನಲ್ಲಿ ಅದು ಮಲಗಿತ್ತಂತೆ. ತಲೆ ಎತ್ತಿ ನೋಡಿತಂತೆ. ಇವಳು ಓಡಲಿಲ್ಲ, ತಿರುಗಿ ನೋಡಲಿಲ್ಲ. ಮಂದೆಯ ಹತ್ತಿರ ಹೋದಾಗ ನಾಯಿಗಳು ಮುತ್ತಿ ಕೆಡವಿದವು. ಬಿದ್ದರೂ ಕಲ್ಲು ಬಿಟ್ಟಿರಲಿಲ್ಲ. ನಮ್ಮವ್ವಗ ಬ್ಯಾನಿ ಹತ್ಯಾವ ಅಂತ ಒಂದೇ ಮಾತು ಹೇಳುತ್ತಿದ್ದಳಂತೆ. ಮುದುಕಿ ಅವಳನ್ನು ಕೆಳಗಿಳಿಸಿ ನನ್ನ ಎದುರಿಗೇ ಒಂದೊಂದೇ ಬೆರಳು ಬಿಡಿಸಿ ಕಲ್ಲು ತೆಗೆದಳು.

ಆಮೇಲೆ ಆಕೆ ಕೆಲಸಕ್ಕೆ ಹತ್ತಿದಳು. ಕುರಿ ಉಣ್ಣೆ ಕತ್ತರಿಸುವ ಕತ್ತರಿಯನ್ನು ಬೆಂಕಿಯಲ್ಲಿ ಕಾಸಿ ಹುರಿ ಕತ್ತರಿಸಿದಳು. ನನ್ನ ಹೊಟ್ಟೆಯನ್ನು ಮುಷ್ಟಿಯಿಂದ ಒತ್ತಿ ಒತ್ತಿ ರಕ್ತ ನಿಲ್ಲಿಸಿದಳು. ನಾನು ನೋವಿಗೆ ಆಕೆಯ ಕೈ ಚಿವುಟಿದರೂ ಬಿಡಲಿಲ್ಲ. ಕೂಸನ್ನು ಕಂಬಳಿಯಲ್ಲಿ ಸುತ್ತಿ, ಸೊಂಟದ ಚೀಲದಿಂದ ದೇವರ ಭಂಡಾರದ ಅರಿಸಿನ ತೆಗೆದು ಅದರ ಹಣೆಗೆ ಹಚ್ಚಿದಳು. ಆಡಿನ ಹಾಲನ್ನು ಅರಿವೆಯ ಬತ್ತಿಯಿಂದ ಹನಿಹನಿಯಾಗಿ ಬಾಯಿಗೆ ಬಿಟ್ಟಳು. ಆಕೆಯ ಗಂಡ ದನಗಳಿಗೆ ನೀರು ಕುಡಿಸಿಕೊಂಡು ಬಂದ.

ಎರಡು ದಿನ ಇದ್ದರು. ಸುತ್ತಲಿನ ಹುಲ್ಲು ಮುಗಿಯಿತು. ಮಂದೆ ಮರವಡೆ ಊರಿನ ಕಡೆಗೆ ಹೋಗಬೇಕಿತ್ತು. “ನಿಮ್ಮ ಗಾಡಿ ಬರೂತನಕ ಇರ್ತಿದ್ದೆ ತಂಗಿ. ಕುರಿ ಕೇಳಂಗಿಲ್ಲ,” ಎಂದು ಆಕೆ ಹೊಸ್ತಿಲಲ್ಲಿ ಕೂತು ಹೇಳಿದಳು. ಆಯಿ, ಹೋಗಬೇಡಿ ಎಂದು ನಾನು ಆಕೆಯ ಕಾಲು ಹಿಡಿದೆ. ಆಕೆ ಬಹಳ ಹೊತ್ತು ನನ್ನ ತಲೆ ಸವರಿದಳು. ಕಂಬಳಿ ಬಿಟ್ಟು ಹೋದಳು. ಕುರಿಗಳ ಸದ್ದು ದೂರವಾದ ಮೇಲೆ ಮೊದಲಿಗಿಂತ ಹೆಚ್ಚು ಒಂಟಿಯಾದೆ. ಜ್ವರ ಬಂತು. ಮಗಳು ಚಿಕ್ಕ ತಂಬಿಗೆಯಲ್ಲಿ ಒರತೆಯಿಂದ ನೀರು ತರುತ್ತೇನೆ ಅಂದಳು. ನಾನು ಬಿಡಲಿಲ್ಲ. ಕೊಡದಲ್ಲಿದ್ದದ್ದನ್ನೇ ಗುಟುಕು ಗುಟುಕಾಗಿ ಹಂಚಿಕೊಂಡೆವು. ದನಗಳ ಕಡೆ ನೋಡುವುದನ್ನೇ ಬಿಟ್ಟೆ.

ಕೊಡ ಬರಿದಾದ ದಿನ ಭಾವನವರ ಗಾಡಿ ಬಂತು. ಮದುವೆಯ ಕಾಲ, ಎಲ್ಲ ಗಾಡಿಗಳೂ ದಿಬ್ಬಣಕ್ಕೆ ಹೋಗಿದ್ದವು, ತಡವಾಯಿತು ಎಂದು ಗಾಡಿಯವ ಹೇಳಿದ. ಬಾಗಿಲಲ್ಲಿ ಬಗ್ಗಿ ನಮ್ಮನ್ನು ನೋಡಿದವನೇ ತನ್ನ ನೀರಿನ ತಂಬಿಗೆ ತಂದು ನನ್ನ ಕೈಗಿಟ್ಟ. ಆಮೇಲೆ ದನಗಳನ್ನು ಹಳ್ಳಕ್ಕೆ ಹೊಡೆದ. ಒಂದು ಎತ್ತು ಏಳಲೇ ಇಲ್ಲ.

ಸೋಲಾಪುರದಲ್ಲಿ ಅತ್ತೆಯವರು ಬಚ್ಚಲಲ್ಲಿ ಕೂರಿಸಿ ಹಂಡೆಯ ಬಿಸಿನೀರನ್ನು ತಂಬಿಗೆಯ ಮೇಲೆ ತಂಬಿಗೆ ಹೊಯ್ದರು. ಅಲ್ಲಿಯ ತನಕ ಬಾರದ ಅಳು ಅಲ್ಲಿ ಬಂತು. ನೀರು ಬಹಳ ಕಾದಿದೆಯೇನೋ ಎಂದು ಅವರು ತಣ್ಣೀರು ಬೆರೆಸಿದರು.

ಕೆಲವು ದಿನಗಳ ಮೇಲೆ ಆಸ್ಪತ್ರೆಗೆ ಹೋದೆ. ನನ್ನ ಗಂಡ ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಗೋಡೆಗೆ ಒರಗಿದ್ದರು. ಬಳೆಯ ಸದ್ದಿಗೆ ನನ್ನನ್ನು ಗುರುತಿಸಿದರು. ಕೂಸನ್ನು ತೊಡೆಯ ಮೇಲಿಟ್ಟೆ. ಅದರ ಹಣೆ, ಮೂಗು, ಗದ್ದ ಎಲ್ಲವನ್ನೂ ಬೆರಳಿನಿಂದ ಮುಟ್ಟಿ ಮುಟ್ಟಿ ನೋಡಿದರು. ಏನಾಯಿತು ಹೇಳು ಎಂದರು. ಮಗಳು ಮಂಚದ ಅಂಚಿಗೆ ಕೂತು ಎಲ್ಲ ಹೇಳಿದಳು. ಕರು, ಧೂಳು, ಜಾಲಿಗಿಡ, ನಾಯಿ, ಕತ್ತರಿ. ತನಗೆ ಅಂಜಿಕೆ ಆಯಿತು ಎಂದು ಮಾತ್ರ ಹೇಳಲಿಲ್ಲ. ಅವರು ಅವಳನ್ನು ಎಳೆದು ಅಪ್ಪಿಕೊಂಡರು. ಪಟ್ಟಿಯ ಕೆಳಗಿನಿಂದ ನೀರು ಇಳಿಯಿತು. ಅಳಬಾರದು, ಗಾಯಕ್ಕೆ ಒಳ್ಳೆಯದಲ್ಲ ಎಂದು ನರ್ಸ್ ಬಂದು ಬೈದಳು.

“ಮಡ್ಡಿ ಬಿಟ್ಟಬಿಡೂಣು,” ಎಂದರು ಅವರು.

“ಬಿಡೂಣ್ರಿ,” ಎಂದೆ. “ಆದ್ರ ಇನ್ನ ಮ್ಯಾಲೆ ಎಲ್ಲಿ ಹೋದ್ರೂ ನನ್ನ ಕೇಳಿ ಹೋಗ್ರಿ. ಎಂಟ ದಿನ ಅಂತ ಹೇಳಬ್ಯಾಡ್ರಿ.”

ಮದುವೆಯಾದ ಮೇಲೆ ಅವರಿಗೆ ನಾನು ಎದುರು ಮಾತಾಡಿದ್ದು ಅದೇ ಮೊದಲು. ಅವರು ತಲೆ ಆಡಿಸಿದರು.

ಇನ್ನೊಂದು ಕಣ್ಣು ಉಳಿಯಿತು, ಅರ್ಧ ಮಾತ್ರ ಕಾಣುತ್ತಿತ್ತು. ಒಂದು ಕಾಳಿನಂಗಡಿಯಲ್ಲಿ ಕೆಲಸ ಸಿಕ್ಕಿತು. ಬಟ್ಟೆ ಗಿರಣಿಯ ಹತ್ತಿರದ ಓಣಿಯಲ್ಲಿ ಎರಡು ಕೋಣೆ ಬಾಡಿಗೆ ಹಿಡಿದೆವು. ಎಡಕ್ಕೂ ಬಲಕ್ಕೂ ಜನ, ಮೇಲೆಯೂ ಜನ. ನಸುಕಿನಿಂದ ಗಿರಣಿಯ ಭೋಂಗಾದ ಕೂಗು, ಜಗಳ, ಮಕ್ಕಳ ಗದ್ದಲ. ಇಷ್ಟು ಗಲಾಟೆಯಲ್ಲಿ ಹೇಗೆ ಇರುತ್ತೀ ಎಂದು ಅತ್ತೆಯವರು ಕೇಳುತ್ತಿದ್ದರು. ನಾನು ಹಗಲೆಲ್ಲ ಬಾಗಿಲು ತೆರೆದೇ ಇಡುತ್ತಿದ್ದೆ.