ಮರೆಪ್ಪನ ಪಂಕ್ತಿಯಿಂದ ಎದ್ದ ಪೊಲೀಸರು

ಬಬಲೇಶ್ವರದ ಊರಾಚೆಯ ನಮ್ಮ ಕೇರಿಯಲ್ಲಿ ಮರೆಪ್ಪನ ಹೆಸರು ಹೇಳಿದರೆ ಜನ ಕೈ ಮುಗಿಯುತ್ತಾರೆ. ನನಗೆ ಮಾತ್ರ ಹೊಟ್ಟೆ ಉರಿಯುತ್ತದೆ. ನಾನು ದಶರಥ, ಅವನ ಜೊತೆ ಒಂದೇ ತಾಟಿನಲ್ಲಿ ಉಂಡು ಬೆಳೆದವನು. ಹೊಟ್ಟೆ ಉರಿಸಿಕೊಳ್ಳಲು ನನಗಿಂತ ಹೆಚ್ಚಿನ ಹಕ್ಕು ಯಾರಿಗಿದೆ?

ಸಾವಿರದ ಒಂಬೈನೂರ ಐವತ್ತೆಂಟರ ಸುಮಾರಿಗೆ ಅವನಿಗೆ ಪೊಲೀಸರ ಹುಚ್ಚು ಹತ್ತಿತು. ಕಾರಣ ಇಲ್ಲದೆ ಅಲ್ಲ. ನಮ್ಮವರು ಏಟು ತಿಂದು ದೂರು ಕೊಟ್ಟರೆ ಪೊಲೀಸಪ್ಪ ಕೇರಿಗೆ ಕಾಲಿಡುತ್ತಿರಲಿಲ್ಲ. ಚಾವಡಿಯಲ್ಲಿ ಕುರ್ಚಿ ಹಾಕಿಸಿಕೊಂಡು, ಹೊಡೆದವರ ಮನೆಯ ಚಹಾ ಕುಡಿಯುತ್ತ, ನಮ್ಮನ್ನು ಬಿಸಿಲಿಗೆ ನಿಲ್ಲಿಸಿ ಕೇಳುತ್ತಿದ್ದ.

"ಲಾಠಿ ನಮ್ಮ ಬೆನ್ನಿಗಿ ಬಂದಿದ್ದು ಸಾಕ್ರಿ ಸಾಹೇಬ್ರ, ಇನ್ನ ಕೈಯಾಗ ಬರಲಿ," ಎಂದು ಮರೆಪ್ಪ ವಿಜಾಪುರದ ಕಚೇರಿಗಳಿಗೆ ಅಲೆದ. ಚಪ್ಪಲಿ ಸವೆದವು, ಬಾಯಿ ಸವೆಯಲಿಲ್ಲ. ಕೊನೆಗೆ ನಮ್ಮ ಹುಡುಗರನ್ನೂ ಪೊಲೀಸ್ ಭರ್ತಿಗೆ ಕರೆದರು.

ನನ್ನ ಮಗ ಭಾಗಪ್ಪ ಆರಡಿ ಆಳು. ಕೇರಿಯ ಮೊದಲ ಪೊಲೀಸ ಅವನೇ ಎಂದು ನಾನು ತೀರ್ಮಾನಿಸಿಬಿಟ್ಟೆ. ಡ್ರೆಸ್ಸು ಹಾಕಿ ಬಂದವನು ಕೂರಲಿ ಎಂದು, ಚಾವಡಿಯಲ್ಲಿದ್ದಂಥದೇ ಒಂದು ಕುರ್ಚಿಯನ್ನೂ ತಂದಿಟ್ಟೆ.

ಆದರೆ ಮರೆಪ್ಪ ಹಳ್ಳದಾಚೆಯ ತೊಗಲು ಹದ ಮಾಡುವವರ ಕೇರಿಯಿಂದ ಯಲಗೂರಪ್ಪ ಎಂಬವನನ್ನು ಕರೆತಂದ. ನಮ್ಮನ್ನು ಊರು ದೂರ ಇಟ್ಟಿತ್ತು, ಅವರನ್ನು ನಾವು ದೂರ ಇಟ್ಟಿದ್ದೆವು. ಮರೆಪ್ಪ ಬೆಳಿಗ್ಗೆ ಇಬ್ಬರನ್ನೂ ಸಾರವಾಡದ ದಾರಿಯಲ್ಲಿ ಓಡಿಸಿ, ತನ್ನ ಮನೆಯ ಬುದ್ಧನ ಪಟದ ಕೆಳಗೆ ಒಂದೇ ಪಂಕ್ತಿಯಲ್ಲಿ ಕೂರಿಸಿ, ರೊಟ್ಟಿ, ಬೇಯಿಸಿದ ತತ್ತಿ ಬಡಿಸಲು ಹೊರಟ. ನಾನು ಮಗನನ್ನು ಓಡಲು ಬಿಟ್ಟೆ, ಉಣ್ಣಲು ಬಿಡಲಿಲ್ಲ.

"ನನ್ನ ಮಗಗ ಬ್ಯಾರೆ ಸಾಲು ಹಾಕು," ಅಂದೆ.

"ಬ್ಯಾರೆ ಸಾಲು ಬೇಕಂದ್ರ ಚಾವಡಿಗಿ ಹೋಗಲೇ ದಶರಥ, ಅಲ್ಲಿ ಹಾಕತಾರ," ಅಂದ.

ಮಕ್ಕಳಿಲ್ಲದ ಮರೆಪ್ಪನಿಗೆ ಮಗ ಸಿಕ್ಕಿದ್ದ. ಇನ್ನು ಗೆಳೆಯ ಯಾಕೆ ಬೇಕು!

ಭರ್ತಿಯ ದಿನ ವಿಜಾಪುರದಲ್ಲಿ ಮರೆಪ್ಪ ಬುತ್ತಿಗಂಟು ಬಿಚ್ಚಿ ಯಲಗೂರಪ್ಪನಿಗೆ ಅರ್ಧ ರೊಟ್ಟಿ ಕೊಟ್ಟ. ಅಷ್ಟೇ. ನಾನು ಬಿಡುತ್ತೇನೆಯೇ? ಭಾಗಪ್ಪನನ್ನು ಸಿದ್ಧೇಶ್ವರ ಗುಡಿಯ ಕಡೆ ಬೇವಿನ ನೆರಳಿಗೆ ಕರೆದೊಯ್ದು, ಹೆಂಡತಿ ರುಕ್ಮವ್ವ ಕಟ್ಟಿಕೊಟ್ಟ ಹೋಳಿಗೆಯನ್ನು ತುಪ್ಪದಲ್ಲಿ ಮುಳುಗಿಸಿ ತಿನ್ನಿಸಿದೆ.

"ಸಾಕೋ ಯಪ್ಪಾ," ಅಂದ.

"ತಿನ್ನಲೇ. ಎದಿ ಅಳೀತಾರ. ಹೊಟ್ಟಿ ತುಂಬಿದ್ರ ಎದಿ ಉಬ್ಬತೈತಿ."

ಎದೆಯ ಅಳತೆಯಲ್ಲಿ ಗೆದ್ದ. ಓಟದಲ್ಲಿ ಅರ್ಧ ದಾರಿಗೇ ಪಕ್ಕೆ ಹಿಡಿದು ಕೂತು, ಹೋಳಿಗೆಯನ್ನೆಲ್ಲ ಮೈದಾನಕ್ಕೆ ಒಪ್ಪಿಸಿದ. ಯಲಗೂರಪ್ಪ ಪೊಲೀಸನಾದ. ಇದಕ್ಕೆ ಮರೆಪ್ಪನೇ ಹೊಣೆ ಎಂದು ನಾನು ಇಂದಿಗೂ ಹೇಳುತ್ತೇನೆ. ಬೇರೆ ಸಾಲು ಹಾಕಿದ್ದರೆ ಹೀಗಾಗುತ್ತಿತ್ತೇ?

ಮುಂದಿನ ವರ್ಷ ಒಂದು ಹೊಡೆದಾಟದ ದೂರಿಗೆ ಯಲಗೂರಪ್ಪ ಊರಿಗೆ ಬಂದ. ಚಾವಡಿ ದಾಟಿ ನೇರ ನಮ್ಮ ಕೇರಿಗೆ ನಡೆದ. ಏಟು ತಿಂದವನ ಪಕ್ಕ ನೆಲದ ಮೇಲೆ ಕೂತು, ಅವನು ಹೇಳಿದ್ದನ್ನೇ ಬರೆದುಕೊಂಡ. ಆಮೇಲೆ ನನ್ನ ಬಾಗಿಲಿಗೆ ಬಂದು ಟೋಪಿ ತೆಗೆದ.

"ಕಾಕಾ, ಕುಡಿಯಾಕ ನೀರ ಕೊಡ್ರಿ."

ನಾನು ಕದಲಲಿಲ್ಲ. ಭಾಗಪ್ಪ ಒಳಗಿನಿಂದ ನಾವು ಕುಡಿಯುವ ತಂಬಿಗೆಯನ್ನೇ ತುಂಬಿ ತಂದುಕೊಟ್ಟ. ಕುಡಿದವನು, "ಮತ್ತ ಭರತಿ ಬಂದೈತಿ. ನಡಿ, ಮರೆಪ್ಪಕಾಕಾನ ಮನ್ಯಾಗ ಊಟ ಮಾಡೂಣು," ಅಂದ. ಮಗ ನನ್ನ ಮುಖ ನೋಡದೆ ಹೊರಟುಹೋದ. ಅಂದಿನಿಂದ ಅವನ ಊಟ ಆ ಪಂಕ್ತಿಯಲ್ಲೇ.

ಆ ಸಲ ಭಾಗಪ್ಪ ಪಾಸಾದ. ಅವನು ಡ್ರೆಸ್ಸಿನಲ್ಲಿ ಬರುವ ದಿನ ನಾನು ಕುರ್ಚಿ ಒರೆಸಿ ಬಾಗಿಲಲ್ಲಿ ಹಾಕಿ, ಮೀಸೆ ತಿರುವಿ ಪಕ್ಕದಲ್ಲಿ ನಿಂತೆ. ಕೇರಿಗೆ ಕೇರಿಯೇ ನೆರೆದಿತ್ತು. ಮಗ ಬಂದ. ನನ್ನನ್ನು ನೋಡಿ ನಕ್ಕ. ನಗುತ್ತಲೇ ಮುಂದೆ ಹೋಗಿ ಮರೆಪ್ಪನ ಕಾಲಿಗೆ ಬಿದ್ದ. ಆಮೇಲೆ ನನ್ನ ಕಾಲಿಗೆ.

"ಕೂಡಪಾ," ಎಂದು ಕುರ್ಚಿ ಮುಂದೆ ಸರಿಸಿದೆ.

ಭಾಗಪ್ಪ ಮರೆಪ್ಪನ ಕೈ ಹಿಡಿದು ತಂದು ಅದರಲ್ಲಿ ಅವನನ್ನು ಕೂರಿಸಿದ. ಜನ ಚಪ್ಪಾಳೆ ತಟ್ಟಿದರು. ಹೆತ್ತಪ್ಪ ನಾನು ನಿಂತೇ ಇದ್ದೆ.